ಎಂಟು ಮಿಲಿಮೀಟರಿನ ಒಡಿಕತ್ತಿ: ಬೊಂಬೆ ತಿದ್ದುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಜಿನ ಮೇಲಿನ ಯುದ್ಧದಾಟಕ್ಕೆ 28 ಮಿ.ಮೀ. ಪ್ಲಾಸ್ಟಿಕ್ ಸೈನಿಕರ ಪೆಟ್ಟಿಗೆ ತರಿಸಿದ್ದೇನೆ. ಅವರನ್ನು 1834ರ ಕೊಡಗಿನ ಪಡೆಯಾಗಿ ಮಾರ್ಪಡಿಸಬೇಕು. ಕುಪ್ಯ (ಮೇಲಿನ ಉದ್ದ ಅಂಗಿ), ಚೇಲೆ (ಸೊಂಟಕ್ಕೆ ಸುತ್ತುವ ಪಟ್ಟಿ), ಒಡಿಕತ್ತಿ (ಬಾಗಿದ ಅಗಲ ಕತ್ತಿ) ಮೂರೂ ಎದ್ದು ಕಾಣಬೇಕು. ಎಲ್ಲಿಂದ ಶುರು ಮಾಡಲಿ? (ವಿರಾಜಪೇಟೆ)

ಬಣ್ಣದ ಯೋಚನೆ ಆಮೇಲೆ, ಮೊದಲು ಆಕಾರ. ಆಟದ ಮೇಜಿನಲ್ಲಿ ಬೊಂಬೆಯನ್ನು ನೋಡುವುದು ಎರಡು ಮೂರು ಅಡಿ ದೂರದಿಂದ. ಅಲ್ಲಿಂದ ಗುರುತು ಸಿಗುವುದು ಮಂಡಿಯವರೆಗಿನ ಕುಪ್ಯ, ಸೊಂಟದ ದಪ್ಪ ಸುತ್ತು ಮತ್ತು ಬೆನ್ನ ಹಿಂದಿನ ಕತ್ತಿಯಿಂದ. ಹಾಗಾಗಿ ಉದ್ದ ಅಂಗಿ ತೊಟ್ಟ, ಕೋವಿ ಹಿಡಿದ ಬೊಂಬೆಗಳನ್ನೇ ಆರಿಸಿಕೊಳ್ಳಿ. ಎದೆಯ ಪಟ್ಟಿ, ಗುಂಡಿ, ಮದ್ದಿನ ಚೀಲಗಳನ್ನು ಕತ್ತರಿಸಲು ಹೋಗದೆ ಬ್ಲೇಡನ್ನು ನೆಟ್ಟಗೆ ಹಿಡಿದು ಕೆರೆಯಿರಿ. ಕೊನೆಗೆ 400, ಆಮೇಲೆ 800 ನಂಬರಿನ ಉಪ್ಪುಕಾಗದವನ್ನು ನೀರು ಹಚ್ಚಿ ಉಜ್ಜಿ.

ಕುಪ್ಯಕ್ಕೆ ಗ್ರೀನ್ ಸ್ಟಫ್ ಒಳ್ಳೆಯದು; ಎರಡು ಬಣ್ಣದ ಪಟ್ಟಿ ಕಲಸಿದರೆ ಗಟ್ಟಿಯಾಗುವ ಪುಟ್ಟಿ ಅದು. ನೀಲಿ, ಹಳದಿ ಸಮಪಾಲು ಕಲಸಿ. ಎರಡೂ ಪಟ್ಟಿ ಅಂಟಿಕೊಂಡೇ ಬರುವ ಸರಕಾದರೆ ನಡುವಿನ ಒಂದೆರಡು ಮಿ.ಮೀ. ಕತ್ತರಿಸಿ ಎಸೆಯಿರಿ. ಅಲ್ಲಿ ಪುಟ್ಟಿ ಆಗಲೇ ಗಟ್ಟಿಯಾಗಿರುತ್ತದೆ, ಎಷ್ಟು ನಾದಿದರೂ ರವೆಯಂಥ ಗಂಟು ಉಳಿಯುತ್ತದೆ. ಹಳದಿ ಹೆಚ್ಚಾದರೆ ಮೆದು, ನೀಲಿ ಹೆಚ್ಚಾದರೆ ಗಟ್ಟಿ. ಬಟ್ಟೆಗೆ ಹಳದಿ ಚೂರು ಜಾಸ್ತಿಯಿದ್ದರೆ ಅನುಕೂಲ. ವ್ಯಾಸಲೀನ್ ಸವರಿದ ಗಾಜಿನ ಮೇಲೆ ಅರ್ಧ ಮಿ.ಮೀ. ಹಾಳೆಯಾಗಿ ಲಟ್ಟಿಸಿ, ಅರ್ಧ ಗಂಟೆ ಹಾಗೇ ಬಿಡಿ. ಈ ಅರ್ಧ ಗಂಟೆ ಕಾಯದೆ ಎತ್ತಿದವರ ಹಾಳೆ ಬೆರಳಿಗಂಟಿ ಜಗ್ಗಿಹೋಗುತ್ತದೆ. ಆಮೇಲೆ ಕುಪ್ಯದ ಕೆಳಭಾಗವನ್ನು ಎರಡು ತುಂಡಾಗಿ ಕತ್ತರಿಸಿ, ಎಡ ಬಲಗಳಿಂದ ತಂದು ಮುಂದೆ ಒಂದರ ಮೇಲೊಂದು ಬರುವಂತೆ ಕೂರಿಸಿ. ಕಾಲು ಮುಂದಿಟ್ಟ ಕಡೆ ನೆರಿಗೆ ಸೊಂಟದಿಂದ ಮಂಡಿಯತ್ತ ಇಳಿಯಬೇಕು. ಮದುವೆ ಮನೆಯ ಇಸ್ತ್ರಿ ಕುಪ್ಯ ಇಲ್ಲಿ ಬೇಡ, ಇವರು ಕಾಡಿನಲ್ಲಿ ಓಡುವವರು. ಕುಪ್ಯದ ತೋಳು ಅರ್ಧಕ್ಕೇ ನಿಲ್ಲುತ್ತದೆ, ಕೆಳಗೆ ಒಳಗಿನ ಬಿಳಿ ಅಂಗಿಯ ತೋಳು ಕಾಣಬೇಕು. ಮೊಣಕೈ ಮೇಲೆ ಪುಟ್ಟಿಯ ಸಣ್ಣ ಅಂಚು ಕೊಟ್ಟರೆ ಸಾಕು.

ಒಂದು ದಿನ ಒಣಗಲು ಬಿಟ್ಟು ಚೇಲೆಗೆ ಕೈಹಾಕಿ. ಒಂದೇ ದಿನ ಎರಡೂ ಮುಗಿಸಲು ಹೋದರೆ ಚೇಲೆ ಒತ್ತುವಾಗ ಕುಪ್ಯದ ನೆರಿಗೆ ಚಪ್ಪಟೆಯಾಗುತ್ತದೆ. ಎರಡು ಮಿ.ಮೀ. ಅಗಲದ ಪಟ್ಟಿ ಸುತ್ತಿ, ಒದ್ದೆ ಸೂಜಿಯಿಂದ ಉದ್ದಕ್ಕೆ ಮೂರು ಗೆರೆ ಎಳೆಯಿರಿ.

ಒಡಿಕತ್ತಿಯ ಅಳತೆಗೆ ಪುಸ್ತಕ ಹುಡುಕಬೇಡಿ. ಕೊಡಗಿನ ಆಯುಧಪೂಜೆಯಾದ ಕೈಲ್ ಪೊಳ್ದ್ ದಿನ ಆಯುಧಗಳು ಹೊರಗೆ ಬರುತ್ತವಲ್ಲ, ಆಗ ಮನೆಯ ಕತ್ತಿಯನ್ನೇ ಅಳೆದು 60ರಿಂದ ಭಾಗಿಸಿ; 28 ಮಿ.ಮೀ. ಬೊಂಬೆ ನಿಜವಾದ ಆಳಿನ ಸುಮಾರು 60ರಲ್ಲೊಂದು ಪಾಲು. 48 ಸೆಂ.ಮೀ. ಇದ್ದರೆ ಬೊಂಬೆಗೆ 8 ಮಿ.ಮೀ. ಹಳೆಯ ಸಿಮ್ ಕಾರ್ಡಿನ ಚೌಕಟ್ಟು ಮುಕ್ಕಾಲು ಮಿ.ಮೀ. ದಪ್ಪವಿರುತ್ತದೆ. ಅದನ್ನು ಉಜ್ಜಿ ಅರ್ಧಕ್ಕಿಳಿಸಿ, ಅಗಲವಾದ ಬಾಗಿದ ಅಲಗು ಕತ್ತರಿಸಿ. ಹರಿತದ ಅಂಚು ಬಾಗಿನ ಒಳಬದಿಗೆ ಬರಬೇಕು. ಇದನ್ನು ತಿರುವುಮುರುವು ಮಾಡಿದರೆ ಕೊಡಗಿನವರು ಯಾರಾದರೂ ಮೊದಲು ತೋರಿಸುವ ತಪ್ಪು ಅದೇ. ಪ್ಲಾಸ್ಟಿಕ್ ಸಿಮೆಂಟು ಈ ಕಾರ್ಡಿಗೆ ಸರಿಯಾಗಿ ಹಿಡಿಯುವುದಿಲ್ಲ, ಸೂಪರ್ ಗ್ಲೂ ಬೇಕು. ಕತ್ತಿಗೆ ಒರೆಯಿಲ್ಲ. ಬೆನ್ನ ಹಿಂದಿನ ತೊಡಂಗ್ ಎಂಬ ಹಿತ್ತಾಳೆ ಕೊಂಡಿಯಲ್ಲಿ ಸಿಕ್ಕಿಸುವುದು, ಆದ್ದರಿಂದ ಅಲಗು ಪೂರ್ತಿ ಕಾಣಬೇಕು. ಸೊಂಟದ ಮುಂದೆ ಸಿಕ್ಕಿಸುವ ಸಣ್ಣ ಪೀಚೆಕತ್ತಿಯ ಸರಪಳಿಗೆ ಕೆಟ್ಟ ಇಯರ್‌ಫೋನ್ ವೈರಿನ ಎರಡು ತಾಮ್ರದ ಎಳೆ ಹೊಸೆದರೆ ಸಾಕು.

ಕುಪ್ಯಕ್ಕೆ ಅಪ್ಪಟ ಕಪ್ಪು ಬಳಿದರೆ ನೀವು ಮಾಡಿದ ನೆರಿಗೆಯೆಲ್ಲ ಮುಳುಗಿಹೋಗುತ್ತದೆ. ಮೂರು ಪಾಲು ಕಪ್ಪಿಗೆ ಒಂದು ಪಾಲು ನೀಲಿಬೂದು ಬೆರೆಸಿ ಬಳಿಯಿರಿ. ಉಬ್ಬಿದ ಅಂಚುಗಳಿಗೆ ಬೂದು ಹೆಚ್ಚಿಸಿ ಎರಡು ಸಲ ಗೆರೆ ಕೊಡಿ. ಚೇಲೆಯ ಕೆಂಪನ್ನು ತಿಳಿಮಾಡಲು ಬಿಳಿ ಬೇಡ, ಗುಲಾಬಿಯಾಗುತ್ತದೆ. ಕಿತ್ತಳೆ ಬೆರೆಸಿ. ಜರಿಗೆ ಲೋಹದ ಬಣ್ಣಕ್ಕಿಂತ ಮಣ್ಣು ಹಳದಿಯ ಚುಕ್ಕೆಗಳೇ ಈ ಗಾತ್ರದಲ್ಲಿ ಚೊಕ್ಕ.

ಪ್ರಶ್ನೆ: ಜುಲೈಯಲ್ಲಿ ಮ್ಯಾಟ್ ವಾರ್ನಿಶ್ ಸ್ಪ್ರೇ ಮಾಡಿದೆ. ಹತ್ತು ಬೊಂಬೆಗಳೂ ಮಂಜು ಮುಸುಕಿದಂತೆ ಬೆಳ್ಳಗಾದವು. ಉಳಿಸಬಹುದೇ? (ಮಡಿಕೇರಿ)

ಬಹುಪಾಲು ಉಳಿಯುತ್ತವೆ. ಸ್ಪ್ರೇಯ ದ್ರಾವಕ ಬೇಗ ಆವಿಯಾಗುವಾಗ ಬೊಂಬೆಯ ಮೈ ತಣ್ಣಗಾಗಿ, ಗಾಳಿಯ ನೀರಾವಿ ಅಲ್ಲೇ ಕೂತು ವಾರ್ನಿಶ್ ಒಳಗೆ ಸಿಕ್ಕಿಕೊಳ್ಳುತ್ತದೆ. ಒಂದು ದಿನ ಒಣಗಿಸಿ, ಬ್ರಷ್ಷಿನಲ್ಲಿ ಹೊಳಪಿನ (ಗ್ಲಾಸಿ) ವಾರ್ನಿಶ್ ತೆಳುವಾಗಿ ಎಳೆಯಿರಿ. ಬಿಳಿ ಸಾಮಾನ್ಯವಾಗಿ ಮಾಯವಾಗುತ್ತದೆ. ಹೊಳಪು ಬೇಡವೆಂದರೆ ಮೇಲೆ ನೀರಿನಲ್ಲಿ ಕರಗುವ ಮ್ಯಾಟ್ ವಾರ್ನಿಶನ್ನು, ಅದನ್ನೂ ಬ್ರಷ್ಷಿನಲ್ಲೇ ಹಚ್ಚಿ. ಬಿಳಿ ಪುಡಿಪುಡಿಯಾಗಿ ಕುಳಿಗಳಲ್ಲಿ ಮಾತ್ರ ಕೂತಿದ್ದರೆ ಕಾರಣ ಬೇರೆ: ಡಬ್ಬಿ ಸರಿಯಾಗಿ ಕುಲುಕಿಲ್ಲ, ಇಲ್ಲವೇ ದಪ್ಪಗೆ ಹೊಡೆದಿದ್ದೀರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ಸ್ಪ್ರೇ ಡಬ್ಬಿ ಮುಟ್ಟದಿರುವುದೇ ವಾಸಿ. ಮುಟ್ಟಲೇಬೇಕಾದರೆ ತೇವಮಾಪಕ ಇಟ್ಟುಕೊಳ್ಳಿ, 65 ಶೇಕಡಾ ದಾಟಿದ್ದರೆ ಬೇಡ. ಹೊಡೆಯುವ ದಿನ ಎರಡು ನಿಮಿಷ ಕುಲುಕಿ, 20–25 ಸೆಂ.ಮೀ. ದೂರದಿಂದ ಸಣ್ಣ ಸಣ್ಣ ಬೀಸಿನಲ್ಲಿ ಹೊಡೆಯಿರಿ. ಡಬ್ಬಿ ತಣ್ಣಗಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಡಬಹುದು. ಒಲೆಯ ಹತ್ತಿರ ಮಾತ್ರ ಬೇಡ, ಸಿಡಿಯುತ್ತದೆ.

ಪ್ರಶ್ನೆ: ರೆಸಿನ್ ಬೊಂಬೆಯ ಕೈ ಸೂಪರ್ ಗ್ಲೂ ಹಾಕಿದರೂ ಪದೇ ಪದೇ ಬೀಳುತ್ತದೆ, ಸುತ್ತ ಬಿಳಿ ಕಲೆ ಬೇರೆ. (ಸೋಮವಾರಪೇಟೆ)

ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಹೋಗಿರಲಿಕ್ಕಿಲ್ಲ. ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್, ಬೆಚ್ಚಗಿನ ನೀರು ಸಾಕು. ಅಂಟನ್ನು ಗುಂಡುಸೂಜಿ ತಲೆಯಷ್ಟೇ ಹಾಕಿ. ಈ ಅಂಟು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಮಳೆಗಾಲದಲ್ಲಿ ಹೆಚ್ಚು ಸುರಿದರೆ ಅದರ ಆವಿ ಸುತ್ತ ಬಿಳಿಯಾಗಿ ಕೂರುತ್ತದೆ. ಭಾರದ ಕೈಯಾದರೆ ಎರಡೂ ಕಡೆ ಒಂದು ಮಿ.ಮೀ. ಡ್ರಿಲ್ಲಿನಲ್ಲಿ ಮೂರು ಮಿ.ಮೀ. ಆಳ ಕೊರೆದು ಪೇಪರ್ ಕ್ಲಿಪ್ಪಿನ ತುಂಡು ಕೂರಿಸಿ. ರೆಸಿನ್ ಉಜ್ಜುವುದು ನೀರು ಹಚ್ಚಿಯೇ. ಅದರ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಪ್ರಶ್ನೆ: ಬೊಂಬೆಯ ಪೀಠಕ್ಕೆ ಮಣ್ಣಿನಂತೆ ಕಾಣಲೆಂದು ಫಿಲ್ಟರಿನಲ್ಲಿ ಉಳಿದ ಕಾಫಿ ಗಸಿ ಅಂಟಿಸಿದ್ದೆ. ತಿಂಗಳಲ್ಲಿ ಬೂಸ್ಟು ಬಂತು. (ಗೋಣಿಕೊಪ್ಪ)

ಕಾಫಿ ನಾಡಿನವರಿಗೆ ಹೇಳಲು ಸಂಕಟ, ಆದರೂ ಗಸಿಯನ್ನು ಬಿಡಿ. ಅದು ಶಿಲೀಂಧ್ರಕ್ಕೆ ಹಾಕಿದ ಊಟ. ಒಣಗಿಸಿ ಅಂಟಿಸಿದರೂ ನಮ್ಮ ಮಳೆಗಾಲದಲ್ಲಿ ಮತ್ತೆ ತೇವ ಹೀರುತ್ತದೆ. ಈಗ ಇರುವುದನ್ನು ಪೂರ್ತಿ ಕೆರೆದು ತೆಗೆಯಿರಿ, ಮೇಲಿನಿಂದ ವಾರ್ನಿಶ್ ಬಳಿದು ಮುಚ್ಚಬೇಡಿ. ಬದಲಿಗೆ ಸಣ್ಣ ಮರಳನ್ನು ಮೂರು ನೀರಿನಲ್ಲಿ ತೊಳೆದು, ಹಳೆಯ ಕಾವಲಿಯ ಮೇಲೆ ಹುರಿದು, ಚಹಾ ಸೋಸುವ ಜರಡಿಯಲ್ಲಿ ಜಾಲಿಸಿ. ಪೀಠಕ್ಕೆ ಫೆವಿಕಾಲ್ ಸವರಿ ಮರಳಿನಲ್ಲಿ ಅದ್ದಿ. ಒಣಗಿದ ಮೇಲೆ ಸಮಪಾಲು ನೀರು ಬೆರೆಸಿದ ಫೆವಿಕಾಲನ್ನು ಮತ್ತೊಮ್ಮೆ ಹನಿಸಿ, ಇಲ್ಲದಿದ್ದರೆ ಡ್ರೈಬ್ರಷ್ ಮಾಡುವಾಗ ಕಾಳು ಉದುರುತ್ತದೆ. ಗಸಿಯ ಬಣ್ಣವೇ ಬೇಕೆಂದರೆ ಗಾಢ ಕಂದು ಬಳಿದು, ಕೆಮ್ಮಣ್ಣಿನ ಬಣ್ಣವನ್ನು ಒಣ ಬ್ರಷ್ಷಿನಲ್ಲಿ ಮೇಲ್ಮೇಲೆ ಸವರಿ.