ಒಂದೇ ಅಂಕಿಯ ಎರಡು ಕಾರ್ಡು

ಪ್ರಶ್ನೆ: ಮೇಡಂ, ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. ಸರ್ಕಾರದ ಮಣ್ಣು ಆರೋಗ್ಯ ಕಾರ್ಡಿನಲ್ಲಿ ರಸಸಾರ (ಪಿಎಚ್, ಮಣ್ಣಿನ ಹುಳಿಯ ಅಳತೆ) 5.1, ಸಾವಯವ ಇಂಗಾಲ ‘ಹೆಚ್ಚು’ ಅಂತಿದೆ. ಪಕ್ಕದ ತೋಟದವರ ಕಾರ್ಡಿನಲ್ಲೂ ಅವೇ ಅಂಕಿ! ಅವರ ತೋಟ ಹಸಿರಾಗಿದೆ, ನಮ್ಮ ಮೇಲಿನ ಸಾಲುಗಳ ಸೋಗೆ (ಅಡಿಕೆ ಎಲೆ) ಹಳದಿ. ಎರಡು ವರ್ಷದ ಹಿಂದೆ ತೋಟಕ್ಕೆ ಧರೆ ಮಣ್ಣು (ಗುಡ್ಡದ ಬದಿ ಕಡಿದು ತೆಗೆದ ಮಣ್ಣು) ಹಾಕಿಸಿದ್ದೆವು. ಕಾರ್ಡನ್ನು ನಂಬಬಹುದಾ?

ಉತ್ತರ: ಕಾರ್ಡು ಸುಳ್ಳು ಹೇಳುತ್ತಿಲ್ಲ. ಆದರೆ ಆ ಮಣ್ಣು ನಿಮ್ಮ ತೋಟದ್ದೇ ಆಗಿರಬೇಕೆಂದಿಲ್ಲ. 2015ರಲ್ಲಿ ಈ ಕಾರ್ಡಿನ ಯೋಜನೆ ಶುರುವಾದಾಗ ನೀರಾವರಿ ಜಮೀನಾದರೆ 2.5 ಹೆಕ್ಟೇರಿಗೆ, ಮಳೆಯಾಶ್ರಿತವಾದರೆ 10 ಹೆಕ್ಟೇರಿಗೆ ಒಂದು ಮಾದರಿ ಅಂತ ಲೆಕ್ಕ ಹಾಕಿದ್ದರು. ಅಂದರೆ ಕಡಿಮೆಯೆಂದರೂ ಆರು ಎಕರೆಗೆ ಒಂದೇ ಅಂಕಿ. ಬಯಲುಸೀಮೆಯ ಸಮತಟ್ಟು ಹೊಲಕ್ಕೆ ಅದು ನಡೆದೀತು. ನಮ್ಮ ಕಡೆ ಹಾಗಲ್ಲ ಅಲ್ವಾ? ಮೇಲೆ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಕೆಳಗೆ ತೋಟ, ತಗ್ಗಿನಲ್ಲಿ ಗದ್ದೆ. ಇಳಿಯುತ್ತಾ ಹೋದ ಹಾಗೆ ಮಣ್ಣಿನ ಬಣ್ಣವೇ ಬದಲಾಗುತ್ತದೆ.

ನಿಮ್ಮದೇ ಮಣ್ಣು ತೆಗೆದು ಪರೀಕ್ಷೆಗೆ ಕೊಡಿ. ಹಳದಿ ಸಾಲುಗಳದ್ದು ಒಂದು ಚೀಲ, ಹಸಿರು ಸಾಲುಗಳದ್ದು ಇನ್ನೊಂದು. ಎರಡನ್ನೂ ಬೆರೆಸಿದರೆ ಬರುವ ಅಂಕಿ ಯಾವ ಮರದ್ದೂ ಅಲ್ಲ. ಗೊಬ್ಬರ ಹಾಕಿ ಮೂರು ತಿಂಗಳಾದರೂ ಆಗಿರಬೇಕು. ಒಂದೊಂದು ಚೀಲಕ್ಕೂ ಎಂಟ್ಹತ್ತು ಮರ ಆರಿಸಿಕೊಂಡು, ಬುಡದಿಂದ ಎರಡೂವರೆ ಅಡಿ ದೂರದಲ್ಲಿ ದರಗು (ಒಣಗಿದ ಎಲೆ) ಸರಿಸಿ, ಒಂದು ಗೇಣು ಆಳ ಇಳಿಜಾರಾಗಿ ಗುಂಡಿ ತೆಗೆಯಿರಿ. ಒಂದು ಮಗ್ಗುಲಿನಿಂದ ಮೇಲಿನಿಂದ ಕೆಳಗಿನವರೆಗೆ ಬೆರಳು ದಪ್ಪದ ಪದರ ಕೆತ್ತಿ. ಆ ಚೀಲದ ಮರಗಳ ಮಣ್ಣನ್ನೆಲ್ಲ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಬಟ್ಟೆ ಚೀಲಕ್ಕೆ ಹಾಕಿ. ಯೂರಿಯಾ ಚೀಲ ಬೇಡವೇ ಬೇಡ. ಅದರಲ್ಲಿ ಅಂಟಿಕೊಂಡ ನಾಲ್ಕು ಕಾಳು ಇಡೀ ಪರೀಕ್ಷೆಯನ್ನು ಕೆಡಿಸುತ್ತವೆ.

ಗುಂಡಿಯ ಮಗ್ಗುಲನ್ನು ಸುಮ್ನೆ ಒಮ್ಮೆ ಕುಳಿತು ನೋಡಿ. ಮೇಲೆ ಕೆಂಪು ಧರೆ ಮಣ್ಣು, ಅದರಡಿ ಕಪ್ಪಗಿನ ಹಳೇ ಮಣ್ಣು ಗೆರೆ ಕೊರೆದಂತೆ ಕಾಣುತ್ತಿದ್ದರೆ ನನಗೆ ಅನುಮಾನ ಅಲ್ಲೇ. ಬೇರಿಗೆ ಮಣ್ಣು ಕೊಡುವುದು ಒಳ್ಳೆಯ ರೂಢಿ, ಹಿರಿಯರು ತಿಳಿದೇ ಮಾಡಿದ್ದರು. ಆದರೆ ಧರೆಯ ಒಳಮಣ್ಣಿನಲ್ಲಿ ಸತ್ವ ಕಡಿಮೆ, ಹುಳಿ ಜಾಸ್ತಿ. ಸೊಪ್ಪು, ಕೊಟ್ಟಿಗೆ ಗೊಬ್ಬರ ಇಲ್ಲದೆ ದಪ್ಪಗೆ ಹಾಕಿದರೆ ಒಳ್ಳೆಯ ಮಣ್ಣನ್ನೇ ಹೂತಂತಾಯಿತು. ಎರಡು ಪದರ ಕಂಡರೆ ಎರಡನ್ನೂ ಬೇರೆ ಬೇರೆಯಾಗಿ ಕಳಿಸಿ.

ಇಂಗಾಲ ‘ಹೆಚ್ಚು’ ಅಂದ ಮಾತ್ರಕ್ಕೆ ನಿಶ್ಚಿಂತೆ ಬೇಡ. ನಮ್ಮ ಮಳೆ ಸುಣ್ಣದಂಶ, ಮೆಗ್ನೀಷಿಯಂ, ಪೊಟ್ಯಾಷ್ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಹುಳಿ ಮಣ್ಣಿನಲ್ಲಿ ಕಬ್ಬಿಣ, ಅಲ್ಯುಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ, ಬೇರಿಗೆ ಬಿಡುವುದಿಲ್ಲ. ಕಾರ್ಡಿನ 12 ಅಂಶಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಇಲ್ಲ. ಮಲೆನಾಡಿನವರಿಗೆ ಬೇಕಾದದ್ದೇ ಅವು! ಅವನ್ನೂ ನೋಡಿಕೊಡಿ ಅಂತ ಪ್ರಯೋಗಾಲಯದಲ್ಲಿ ಕೇಳಿ. ನಿಮ್ಮ ಮಾದರಿಯಲ್ಲೂ ರಸಸಾರ ಐದರ ಆಸುಪಾಸೇ ಬಂದರೆ ಮರಕ್ಕೆ ಅರ್ಧ ಕೆಜಿ ಸುಣ್ಣ, ಎರಡು-ಮೂರು ವರ್ಷಕ್ಕೊಮ್ಮೆ, ಬುಡದ ಸುತ್ತ ಹರಡಿ ಮಣ್ಣಿಗೆ ಸೇರಿಸಿ. ಮೆಗ್ನೀಷಿಯಂ ಕಡಿಮೆಯಿದ್ದರೆ ಡೋಲೋಮೈಟ್ (ಮೆಗ್ನೀಷಿಯಂ ಕೂಡಿದ ಸುಣ್ಣದ ಕಲ್ಲಿನ ಪುಡಿ) ಒಳ್ಳೆಯದು. ಸುಣ್ಣದ ಜೊತೆಗೇ ಯೂರಿಯಾ ಹಾಕಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ. ಎರಡು-ಮೂರು ವಾರ ಬಿಡಿ.

ಇನ್ನೊಂದು ಮಾತು. ಹಳದಿ ಮರದ ಕಾಯಿ ಒಡೆದು ನೋಡಿ. ತಿರುಳು ಮೆತ್ತಗಾಗಿ ಕಪ್ಪಾಗಿದ್ದರೆ ಅದು ಹಳದಿ ಎಲೆ ರೋಗ ಇರಬಹುದು. ಅದಕ್ಕೆ ಸುಣ್ಣ ಮದ್ದಲ್ಲ. ತೋಟಗಾರಿಕೆ ಇಲಾಖೆಯವರನ್ನು ಕರೆಸಿ ತೋರಿಸಿ.

ಪ್ರಶ್ನೆ: ಅಪ್ಪನ ಕಾಲದಿಂದ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುತ್ತಿದ್ದೇವೆ. ಈಗ ಕಾರ್ಡಿನಲ್ಲಿ ತಾಮ್ರ ಜಾಸ್ತಿ ಅಂತ ಬಂದಿದೆ. ನಿಲ್ಲಿಸಬೇಕಾ? (ಹೊಸನಗರದ ಓದುಗರು)

ಉತ್ತರ: ನಿಲ್ಲಿಸಬೇಡಿ, ಫಸಲೇ ಕೈಬಿಟ್ಟೀತು. ಮೈಲುತುತ್ತದ ತಾಮ್ರ ಸುಲಭಕ್ಕೆ ತೊಳೆದು ಹೋಗುವುದಿಲ್ಲ, ಮೇಲ್ಮಣ್ಣಿನಲ್ಲೇ ಕೂರುತ್ತದೆ. ಮಣ್ಣು ಹುಳಿಯಾದಷ್ಟೂ ಅದರ ಕಾಟ ಹೆಚ್ಚು. ಸುಣ್ಣ, ಸೊಪ್ಪು ತಪ್ಪಿಸಬೇಡಿ. ಉಳಿದ ದ್ರಾವಣವನ್ನು ಒಂದೇ ಮರದ ಬುಡಕ್ಕೆ ಸುರಿಯಬೇಡಿ. ಲಘು ಪೋಷಕಾಂಶದ ಪುಡಿ ಕೊಳ್ಳುವಾಗ ತಾಮ್ರ ಇಲ್ಲದ್ದನ್ನು ಕೇಳಿ ತೆಗೆದುಕೊಳ್ಳಿ.