ಸಂಬಳ ಕಡಿಮೆ, ಬಿಡುವೂ ಇಲ್ಲ. ದಾನ, ಸೇವೆ ರೂಢಿಯಾಗೋದು ಹೇಗೆ?

ತಿಂಗಳ ಕೊನೆಗೆ ಉಳಿದರೆ ಕೊಡೋಣ ಅಂದುಕೊಂಡರೆ ಉಳಿಯೋದೇ ಇಲ್ಲ. ನಮ್ಮ ತುಮಕೂರು ಕಡೆ ರೈತರು ಒಕ್ಕಣೆ ಮುಗಿದ ಮೇಲೆ ಕಣದಲ್ಲೇ ದಾನದ ಪಾಲಿನ ರಾಗಿ ತೆಗೆದಿಟ್ಟು, ಆಮೇಲೆ ಮನೆಗೆ ಮೂಟೆ ಹೊರುತ್ತಿದ್ದರು. ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ನಡೆಯುವ ದಾಸೋಹಕ್ಕೂ ಇಂಥ ಕಾಳುಕಡ್ಡಿಯ ಬಲವಿದೆ. ನೀವೂ ಸಂಬಳ ಬಂದ ದಿನವೇ ನೂರೋ ಇನ್ನೂರೋ ಬೇರೆ ತೆಗೆದಿಡಿ.

ದುಡ್ಡೇ ಇಲ್ಲವೆಂದರೆ ರಕ್ತ ಕೊಡಿ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆ.ಜಿ. ಇದ್ದು, ಆರೋಗ್ಯ ಸರಿಯಿದ್ದರೆ ಸಾಕು. ಸಾಮಾನ್ಯವಾಗಿ ತೆಗೆಯೋದು 350 ಮಿ.ಲೀ. ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ಕೊಡಬಹುದು. ಕೊಟ್ಟ ದಿನವೇ ಮುಂದಿನ ತಾರೀಖನ್ನು ಮೊಬೈಲ್‌ನಲ್ಲಿ ಹಾಕಿಟ್ಟರೆ ಮರೆಯಲ್ಲ.

ಸೇವೆಗೆ ದೂರ ಹೋಗಬೇಕಿಲ್ಲ. ಪಕ್ಕದ ಮನೆ ಅಜ್ಜಿಗೆ ಬ್ಯಾಂಕಿನ ಚಲನ್ ತುಂಬಿಕೊಡಿ. ಜಿಲ್ಲಾಸ್ಪತ್ರೆಯಲ್ಲಿ ಹಳ್ಳಿಯಿಂದ ಬಂದವರಿಗೆ ಓಪಿಡಿ ಚೀಟಿ ಎಲ್ಲಿ ಮಾಡಿಸಬೇಕೆಂದು ತೋರಿಸಿ. ಮಕ್ಕಳ ಹುಟ್ಟುಹಬ್ಬಕ್ಕೆ ಸರ್ಕಾರಿ ಶಾಲೆಯ ಬಿಸಿಯೂಟದ ಜೊತೆ ಒಂದು ಪಾಯಸ ಹಾಕಿಸಬಹುದು. ಹೆಡ್‌ಮೇಷ್ಟ್ರನ್ನು ಮೊದಲೇ ಕೇಳಿ, ಅಡುಗೆಯವರಿಗೂ ಹಿಂದಿನ ದಿನವೇ ತಿಳಿಸಿ.

ಹರಿದ ಬಟ್ಟೆ, ಹಳಸಿದ ಅನ್ನ ಸಾಗಹಾಕೋದನ್ನು ನಾನಂತೂ ದಾನ ಅನ್ನಲ್ಲ. ಇನ್ನೊಂದು ವಿಷಯ: ತಗೊಂಡವರ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬೇಡಿ.