ಅಲ್ಲಾಡದೆ ಕೂತ ಹುಳು ಸತ್ತಿಲ್ಲ, ದಯವಿಟ್ಟು ಮುಟ್ಟಬೇಡಿ

ನಿಂಬೆ ಗಿಡದಿಂದ ತಂದ ಚಿಟ್ಟೆಯ ಹುಳು ನಿನ್ನೆಯಿಂದ ಎಲೆ ಮುಟ್ಟಿಲ್ಲ, ಅಲ್ಲಾಡುತ್ತಿಲ್ಲ, ಸತ್ತು ಹೋಯ್ತಾ ಅಂತ ಕೇಳಿದ್ದೀರಿ. ಫೋಟೋ ನೋಡಿದೆ. ಹಕ್ಕಿ ಹಿಕ್ಕೆ ತರಹದ ಕಂದು, ಬಿಳಿ ಬಣ್ಣ, ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಗಾಬರಿ ಬೇಡ, ಅದು ಪೊರೆ ಬಿಡಲು ಕೂತಿದೆ. ಒಂದು ದಿನ, ಕೆಲವು ಸಲ ಅದಕ್ಕಿಂತ ಜಾಸ್ತಿ ಹೊತ್ತು ಹೀಗೇ ಇರುತ್ತದೆ.

ಹತ್ತಿರದಿಂದ ನೋಡಿ. ಕಾಲಿನ ಕೆಳಗೆ ಎಲೆ ಮೇಲೆ ತೆಳ್ಳಗೆ ರೇಷ್ಮೆ ಎಳೆ ಹಾಸಿಕೊಂಡಿರುತ್ತದೆ. ಕಾಲಿನ ಸಣ್ಣ ಕೊಕ್ಕೆಗಳು ಅದಕ್ಕೆ ಸಿಕ್ಕಿಕೊಂಡಿರುತ್ತವೆ. ಆ ಹಿಡಿತ ಇದ್ದರೇನೇ ಹಳೇ ಚರ್ಮ ಅಲ್ಲೇ ಉಳಿದು ಹುಳು ಮುಂದಕ್ಕೆ ಜಾರಿ ಹೊರಗೆ ಬರಲು ಆಗುವುದು. ಎಬ್ಬಿಸಿ ಬೇರೆ ಎಲೆಗೆ ಹಾಕಿದರೆ ಚರ್ಮ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ನನ್ನ ಮೊದಲ ಹುಳು ಸತ್ತಿದ್ದೇ ಹಾಗೆ, ಈಗಲೂ ನೆನೆಸಿಕೊಂಡರೆ ಬೇಜಾರಾಗುತ್ತದೆ. ಎಲೆ ಒಣಗಿದ್ದರೂ ಪರವಾಗಿಲ್ಲ, ಹೊಸ ಎಲೆಯನ್ನು ಪಕ್ಕದಲ್ಲಿ ಇಡಿ ಸಾಕು. ಬಿಟ್ಟ ಪೊರೆಯನ್ನು ತೆಗೆಯಬೇಡಿ, ಅದನ್ನು ಅದೇ ತಿನ್ನುತ್ತದೆ. ಈ ಅಳತೆ ನೋಡಿದರೆ, ಈ ಸಲ ಪೊರೆ ಬಿಟ್ಟ ಮೇಲೆ ಹಸಿರು ಬಣ್ಣಕ್ಕೆ ತಿರುಗಬಹುದು.

ಹಸಿರಾದ ಮೇಲೆ ತಿನ್ನುವ ಪ್ರಮಾಣ ನೋಡಿದರೆ ಆಶ್ಚರ್ಯವಾಗುತ್ತದೆ. ದಿನಾ ತಾಜಾ ಎಲೆ ಬೇಕು, ಔಷಧಿ ಹೊಡೆದ ಗಿಡದ್ದು ಬೇಡವೇ ಬೇಡ. ಎಲೆ ತೊಳೆದರೆ ಪೂರ್ತಿ ಒರೆಸಿ ಕೊಡಿ. ಮನೆಯಲ್ಲಿ ಸಾಕಿದ ಹುಳು ಹಸಿವಿಗಿಂತ ತೇವಕ್ಕೇ ಜಾಸ್ತಿ ಸಾಯುತ್ತದೆ ಅನ್ನುವುದು ನನ್ನ ಅನುಭವ. ಡಬ್ಬಿಯ ತಳಕ್ಕೆ ಟಿಶ್ಯೂ ಹಾಕಿ, ಹಿಕ್ಕೆ ದಿನಾ ತೆಗೆಯಿರಿ, ಮುಚ್ಚಳದ ಬದಲು ತೆಳು ಬಟ್ಟೆ ಕಟ್ಟಿ. ಕುಡಿಯಲು ನೀರು ಇಡಬೇಡಿ, ಎಲೆಯಲ್ಲೇ ಇರುತ್ತದೆ. ರೆಂಬೆಯನ್ನು ನೀರಿನ ಬಾಟಲಿಯಲ್ಲಿ ಇಡುವುದಾದರೆ ಬಾಯಿಗೆ ಹತ್ತಿ ತುರುಕಿ, ಇಲ್ಲವಾದರೆ ಹುಳು ಇಳಿದು ಮುಳುಗುತ್ತದೆ. ತಲೆ ಹಿಂದಿನಿಂದ ಕೆಂಪು ಕವಲುಕೊಂಬು ಹೊರಗೆ ಹಾಕಿ ವಾಸನೆ ಬಿಟ್ಟರೆ ಅದಕ್ಕೆ ಹೆದರಿಕೆಯಾಗಿದೆ ಅಂತ ಅರ್ಥ. ಸುಮ್ನೆ ಕೆಣಕಬೇಡಿ.

ಒಂದು ದಿನ ಹಿಕ್ಕೆ ನೀರುನೀರಾಗಿ ಬಂದು, ಹುಳು ಎಲೆ ಬಿಟ್ಟು ಎಲ್ಲೆಲ್ಲೋ ಓಡಾಡುತ್ತದೆ. ಅದು ಕಾಯಿಲೆಯಲ್ಲ, ಕೋಶ ಕಟ್ಟಲು ಜಾಗ ಹುಡುಕುತ್ತಿದೆ. ಅಷ್ಟರೊಳಗೆ ಒಂದೆರಡು ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿಡಿ. ಬಾಲದ ತುದಿ ಅಂಟಿಸಿ, ಸೊಂಟದ ಸುತ್ತ ಒಂದೇ ಒಂದು ಎಳೆ ಬಿಗಿದುಕೊಂಡು ಹಿಂದಕ್ಕೆ ಒರಗಿ ಕೂರುತ್ತದೆ. ಕೋಶ ಹಸಿರೂ ಆಗಬಹುದು, ಕಂದೂ ಆಗಬಹುದು. ಬೆಚ್ಚಗಿನ ದಿನಗಳಲ್ಲಿ ಸುಮಾರು 8ರಿಂದ 12 ದಿನ ಸಾಕು. ಜಾಸ್ತಿ ದಿನ ಹಿಡಿದರೂ ಬಿಸಾಡಬೇಡಿ.

ಕೋಶದೊಳಗೆ ರೆಕ್ಕೆಯ ಚಿತ್ತಾರ ಕಾಣತೊಡಗಿದರೆ ಚಿಟ್ಟೆ ಬರುವ ಹೊತ್ತಾಯಿತು. ಹೊರಬಂದಾಗ ರೆಕ್ಕೆ ಮುದುಡಿದ ಒದ್ದೆ ಬಟ್ಟೆ ಥರ ಇರುತ್ತದೆ. ನೇತಾಡಿಕೊಂಡೇ ಅದನ್ನು ಬಿಡಿಸಿ ಒಣಗಿಸಿಕೊಳ್ಳಬೇಕು, ಅದಕ್ಕೆ ಸುತ್ತ ಜಾಗ ಬೇಕು, ಕೆಲವು ಗಂಟೆಗಳ ಸಮಯ ಬೇಕು. ಕೆಂಪಗಿನ ಹನಿ ಬಿದ್ದರೆ ರಕ್ತ ಅಂದುಕೊಳ್ಳಬೇಡಿ. ಸಹಾಯ ಮಾಡಲು ಹೋಗಿ ರೆಕ್ಕೆ ಎಳೆಯಬೇಡಿ.

ಸದ್ಯಕ್ಕೆ ಡಬ್ಬಿಯನ್ನು ಬಿಸಿಲು ಬೀಳದ ಕಡೆ ಇಡಿ. ನಾಳೆ ಸಂಜೆ ಹೇಗಿದೆ ಅಂತ ಒಂದು ಫೋಟೋ ಹಾಕಿ, ಕಾಯುತ್ತಿರುತ್ತೇನೆ.